ಶಿಯಾನ್‌ನಲ್ಲಿ ಒಂದೇ ದಿನ, ನಾಲ್ಕು ಜನ: ಮಣ್ಣಿನ ಸೈನಿಕರಿಂದ ಕೋಟೆ ಮೇಲಿನ ಸೈಕಲ್‌ವರೆಗೆ

ಗೊಜ್ಜವಲಕ್ಕಿ:

ಹೋದ ಅಕ್ಟೋಬರ್ ಕೊನೆಯಲ್ಲಿ ನಾವು ನಾಲ್ವರು ಕಾಲೇಜು ಗೆಳೆಯರು ಚೀನಾಕ್ಕೆ ಹೋಗಿದ್ದೆವು. ಒಬ್ಬ ಶಾಂಘೈನಲ್ಲಿ ಕೆಲಸದಲ್ಲಿದ್ದಾನೆ. ಅವನನ್ನು ನೋಡುವ ನೆಪದಲ್ಲಿ ಉಳಿದ ಮೂವರು ಹೊರಟಿದ್ದು. ಶಿಯಾನ್‌ಗೆ ಸಿಕ್ಕಿದ್ದು ಎರಡು ರಾತ್ರಿ, ನಡುವೆ ಒಂದೇ ಒಂದು ಪೂರ್ತಿ ದಿನ. ಆ ದಿನದ ಕಥೆ ಇದು. ಇಲ್ಲಿ ಯಾರೋ ಕೇಳಿ ಬಹಳ ದಿನವಾಯಿತು, ಬರೆಯಲು ಈಗ ಪುರುಸೊತ್ತಾಯಿತು.

ಬೆಳಿಗ್ಗೆ 6ಕ್ಕೆ ಎದ್ದರೆ ಹೊರಗೆ ಕಗ್ಗತ್ತಲೆ. ಇಡೀ ಚೀನಾಕ್ಕೆ ಬೀಜಿಂಗ್ ಸಮಯ ಒಂದೇ, ಶಿಯಾನ್ ಇರುವುದು ಪಶ್ಚಿಮಕ್ಕೆ. ಹಾಗಾಗಿ ಅಲ್ಲಿ ಬೆಳಕಾಗುವುದು ತಡ. ನಮ್ಮ ದೇಹಕ್ಕಂತೂ ಅದು ಬೆಳಗಿನ ಜಾವ ಮೂರೂವರೆ! ಹೋಟೆಲು ಊರ ನಡುವಿನ ಗಂಟೆಗೋಪುರದ ಹತ್ತಿರವಿತ್ತು. ಅಲ್ಲಿಂದ ಮೆಟ್ರೊ 2ನೇ ಲೈನು, ಬೇಯ್‌ದಾಜಿಯೆಯಲ್ಲಿ ಇಳಿದು 1ನೇ ಲೈನು, ಫಾಂಗ್‌ಜಿಚೆಂಗ್‌ನಲ್ಲಿ ಇಳಿದು 9ನೇ ಲೈನು. ಹುವಾಚಿಂಗ್‌ಚಿ ಸ್ಟೇಷನ್ನಿನಿಂದ ಬಸ್. ಎಲ್ಲ ಸೇರಿ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಪ್ರತಿ ಮೆಟ್ರೊ ಸ್ಟೇಷನ್ನಿನಲ್ಲೂ ಬ್ಯಾಗನ್ನು ಎಕ್ಸ್‌ರೇಗೆ ಹಾಕಬೇಕು. ಒಂದು ಕಡೆ ನಮ್ಮ ಚಕ್ಕುಲಿ ಡಬ್ಬಿ ತೆಗೆಸಿದರು. ಆ ಹುಡುಗಿ ಒಂದು ಚಕ್ಕುಲಿ ಎತ್ತಿ ತಿರುಗಿಸಿ ನೋಡಿ, ನಕ್ಕು, ವಾಪಸ್ ಇಟ್ಟಳು.

ಮಣ್ಣಿನ ಸೈನಿಕರ ಮ್ಯೂಸಿಯಂ ಟಿಕೆಟ್ 120 ಯುವಾನ್. ಪಾಸ್‌ಪೋರ್ಟ್ ನಂಬರ್ ಹಾಕಿ ಮೊದಲೇ ಬುಕ್ ಮಾಡಿದ್ದೆವು. ಗೇಟಿನಿಂದ ಸೈನಿಕರು ಸಿಕ್ಕಿದ ಗುಂಡಿಗಳವರೆಗೆ ಒಳ್ಳೇ ನಡಿಗೆ ಇದೆ, ಗೊತ್ತಿರಲಿ. ಮೂರು ಗುಂಡಿಗಳಿವೆ. ಎಲ್ಲರೂ ಬಾಗಿಲು ತೆರೆದ ಕೂಡಲೇ 1ನೇದಕ್ಕೆ ಓಡುತ್ತಾರೆ. ನಾವು ಉಲ್ಟಾ ಹೋದೆವು. 3, 2, ಆಮೇಲೆ 1. ಇದು ಶಾಂಘೈ ಗೆಳೆಯನ ಐಡಿಯಾ. ಈಗಲೂ ಅವನಿಗೆ ಅದಕ್ಕೊಂದು ಕಾಫಿ ಬಾಕಿ ಇದೆ.

2ನೇ ಗುಂಡಿಯ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಮಂಡಿಯೂರಿ ಕೂತ ಬಿಲ್ಲುಗಾರ ಇದ್ದಾನೆ. ಎಲ್ಲರೂ ಮುಖದ ಫೋಟೊ ತೆಗೆದು ಹೋಗುತ್ತಿದ್ದರು. ದಯವಿಟ್ಟು ಹಿಂದೆ ಹೋಗಿ ಅವನ ಅಂಗಾಲು ನೋಡಿ. ಮಡಿಸಿದ ಕಾಲಿನ ಶೂ ತಳದಲ್ಲಿ ಹೊಲಿಗೆಯ ಚುಕ್ಕೆಗಳನ್ನು ಸಾಲಾಗಿ ಕೊರೆದಿದ್ದಾರೆ. ಬೆರಳಿನ ಕಡೆ, ಹಿಮ್ಮಡಿಯ ಕಡೆ ಒತ್ತೊತ್ತಾಗಿ, ನಡುವೆ ಬಿಡಿಬಿಡಿಯಾಗಿ. ನಿಜವಾದ ಶೂ ಎಲ್ಲಿ ಸವೆಯುತ್ತದೋ ಅಲ್ಲಿ ಹೊಲಿಗೆ ಜಾಸ್ತಿ! ಮಣ್ಣಲ್ಲಿ ಹೂತು ಹಾಕುವ ಗೊಂಬೆಯ ಅಂಗಾಲಿಗೆ ಇಷ್ಟು ಕೆಲಸ. ನಾನು ಅಲ್ಲೇ ಹತ್ತು ನಿಮಿಷ ನಿಂತಿದ್ದೆ, ಗೆಳೆಯರು ಬಂದು ಎಳೆದುಕೊಂಡು ಹೋದರು.

1ನೇ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ಮುಂದಿನ ಕಟಕಟೆಯಲ್ಲಿ ಕೈಗಳು, ಫೋನುಗಳು, ಸೆಲ್ಫಿ ಕೋಲುಗಳು. ಸೈನಿಕರಿಗಿಂತ ನಮ್ಮ ಸೈನ್ಯವೇ ದೊಡ್ಡದು. ಪಕ್ಕದ ದಾರಿ ಹಿಡಿದು ಹಿಂದಕ್ಕೆ ನಡೆದರೆ ಜನ ಕಡಿಮೆ. ಅಲ್ಲಿ ತಲೆ ಇಲ್ಲದವರು, ಒಡೆದ ತೋಳು, ಚೀಟಿ ಅಂಟಿಸಿದ ತುಂಡುಗಳು. ಜೋಡಿಸುವ ಕೆಲಸ ಇನ್ನೂ ನಡೆಯುತ್ತಿದೆ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ ಜಾಗಕ್ಕೂ ಒಂದು ಬೋರ್ಡು ಹಾಕಿದ್ದಾರೆ. ಗುಂಡಿಯ ಒಂದು ಮೂಲೆಗೇ ಆ ಬಾವಿ ತಗುಲಿದೆ. ಸ್ವಲ್ಪ ಆಚೆ ತೋಡಿದ್ದರೆ ನೀರು ಸಿಗುತ್ತಿತ್ತೋ ಏನೋ, ಇವರು ಸಿಗುತ್ತಿರಲಿಲ್ಲ.

ಅದೇ ಟಿಕೆಟ್‌ನಲ್ಲಿ ಷಟಲ್ ಬಸ್ ಹತ್ತಿ ಈ ಸೈನಿಕರನ್ನು ಮಾಡಿಸಿದ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಸಮಾಧಿಯ ದಿಬ್ಬಕ್ಕೂ ಹೋಗಬಹುದು. ದಿಬ್ಬ ಅಂದರೆ ಮರ ಬೆಳೆದ ಗುಡ್ಡ, ಅಷ್ಟೇ. ಒಳಗಿನ ಸಮಾಧಿಯನ್ನು ಇವತ್ತಿಗೂ ಅಗೆದಿಲ್ಲ. ಆದರೆ ಕಂಚಿನ ರಥಗಳಿರುವುದು ಅಲ್ಲಿ, ಬಿಡಬೇಡಿ.

ಊಟ ಅಲ್ಲೇ ಹೊರಗಿನ ಅಂಗಡಿ ಬೀದಿಯಲ್ಲಿ. ಅದೊಂದು ಬೇರೆ ಕಥೆ. ಮ್ಯೂಸಿಯಂ ಇರುವ ಲಿಂಟಾಂಗ್ ದಾಳಿಂಬೆಗೆ ಹೆಸರಾದ ಜಾಗ, ಋತುವೂ ಅದೇ. ಎದುರಿಗೇ ಹಿಂಡಿ ಕೊಡುವ ರಸ ಕುಡಿದು ಹೊಟ್ಟೆ ತುಂಬಿಸಿಕೊಂಡೆವು.

ಮೂರೂಕಾಲಿಗೆ ದಾಯನ್‌ತಾ, ಅಂದರೆ ದೊಡ್ಡ ಕಾಡುಬಾತು ಗೋಪುರ. ನಮ್ಮ ಸ್ಕೂಲ್ ಪುಸ್ತಕದ ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿಸಿದ್ದು. ಮುಂದಿನ ಚೌಕದಲ್ಲಿ ಅವನ ದೊಡ್ಡ ಮೂರ್ತಿ ಇದೆ. ನಮ್ಮ ಹುಬ್ಬಳ್ಳಿ ಹುಡುಗ ಕೈ ಮುಗಿದು ನಿಂತ. ಏನಪ್ಪಾ ಭಕ್ತಿ ಅಂದರೆ, "ಇವನ ಹೆಸರು ತಪ್ಪು ಬರೆದು ಅರ್ಧ ಮಾರ್ಕು ಕಳಕೊಂಡಿದ್ದೆ, ಇವತ್ತು ಸಿಕ್ಕಿದ" ಅಂದ.

ಐದೂಕಾಲಿಗೆ ಯೊಂಗ್‌ನಿಂಗ್‌ಮೆನ್, ಕೋಟೆಯ ದಕ್ಷಿಣ ಬಾಗಿಲು. ಮಿಂಗ್ ಕಾಲದ ಕೋಟೆ, ಸುತ್ತಳತೆ 13.7 ಕಿ.ಮೀ. ಮೇಲೆ 12 ಮೀಟರಿಗೂ ಜಾಸ್ತಿ ಅಗಲದ ದಾರಿ, ಬಾಡಿಗೆ ಸೈಕಲ್ ಸಿಗುತ್ತದೆ. ಟಿಕೆಟ್ 54 ಯುವಾನ್, ಸೈಕಲ್‌ಗೆ ಬೇರೆ ದುಡ್ಡು. ನಾವು ಎರಡು ಜೋಡಿ ಸೈಕಲ್ ತಗೊಂಡೆವು. ಅದು ತಪ್ಪು. ಹಿಂದೆ ಕೂತವನು ತುಳಿಯುತ್ತಾನೆ ಅಂತ ಮುಂದಿನವನು ನಂಬಿರುತ್ತಾನೆ, ಅಷ್ಟೇ. ಉತ್ತರದ ಬಾಗಿಲ ಹತ್ತಿರ ನಮ್ಮದರ ಚೈನ್ ಕಳಚಿತು. ಹುಬ್ಬಳ್ಳಿ ಹುಡುಗ ಕೈಯೆಲ್ಲ ಗ್ರೀಸ್ ಮಾಡಿಕೊಂಡು ಹಾಕಿದ. ಅಷ್ಟರಲ್ಲಿ ಸೂರ್ಯ ಮುಳುಗಿತ್ತು, ಕೋಟೆಯ ಅಂಚಿನ ದೀಪಗಳು ಹತ್ತಿದ್ದವು. ಕೆಳಗೆ ಒಂದು ಕಡೆ ಹಳೇ ಊರಿನ ಹೆಂಚು, ಇನ್ನೊಂದು ಕಡೆ ಬಹುಮಹಡಿ ಕಟ್ಟಡಗಳು. ಇಟ್ಟಿಗೆ ದಾರಿ ಕಡಕಡ ಅನ್ನುತ್ತಿತ್ತು. ಆ ಇಡೀ ದಿನದಲ್ಲಿ ನಮಗೆ ಮಾತೇ ಇಲ್ಲದಿದ್ದ ಅರ್ಧ ಗಂಟೆ ಅದು.

ರಾತ್ರಿ ಮುಸ್ಲಿಂ ಬೀದಿ. ಹತ್ತೂವರೆಗೆ ಹೋಟೆಲು. ಫೋನು 31 ಸಾವಿರ ಹೆಜ್ಜೆ ತೋರಿಸಿತು.

ಏನಾದರೂ ಕೇಳುವುದಿದ್ದರೆ ಕೇಳಿ.

ಅನ್ನಸಾರು:

ಊಟದ್ದು ಬೇರೆ ಕಥೆ ಅಂತ ಹೇಳಿ ದಾಳಿಂಬೆಗೆ ಹಾರಿಬಿಟ್ಟಿರಿ. ನಮಗೆ ಬೇಕಾಗಿರುವುದೇ ಆ ಕಥೆ! ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಬದುಕಬಹುದಾ?

ಗೊಜ್ಜವಲಕ್ಕಿ:

ನಮ್ಮಲ್ಲೂ ಇಬ್ಬರು ಸಸ್ಯಾಹಾರಿಗಳು. ಆ ಅಂಗಡಿಯಲ್ಲಿ "ಮಾಂಸ ಬೇಡ" ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆವು. ಆಯಮ್ಮ ಚೆನ್ನಾಗಿ ತಲೆ ಆಡಿಸಿದಳು. ಬಂದ ನೂಡಲ್ಸ್ ಮೇಲೆ ಕೊತ್ತಂಬರಿ ಥರ ಕೊಚ್ಚಿದ ಮಾಂಸ ಉದುರಿಸಿತ್ತು. ಕೇಳಿದರೆ ಬೆರಳಲ್ಲಿ "ಇಷ್ಟೇ ಇಷ್ಟು" ಅಂತ ತೋರಿಸಿದಳು. ಪಾಪ, ಅವಳ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ. ಆ ಬಟ್ಟಲು ನನಗೆ ಬಂತು, ಸಸ್ಯಾಹಾರಿಗಳಿಗೆ ದಾಳಿಂಬೆ ರಸ, ಚಕ್ಕುಲಿ.

ಶೆನ್‌ಜೆನ್ ಕನ್ನಡಿಗ:

ಇಲ್ಲಿ ಎಂಟು ವರ್ಷದಿಂದ ಇದ್ದೇನೆ, ಸ್ವಲ್ಪ ಹೇಳುತ್ತೇನೆ. "ಮಾಂಸ ಬೇಡ" ಅಂದರೆ ಮಾಂಸದ ತುಂಡು ಬೇಡ ಅಂತ ಅರ್ಥವಾಗುತ್ತದೆ. ಸಾರು ಎಲುಬಿನದೇ ಇರಬಹುದು, ಹುರಿದದ್ದು ಹಂದಿ ಕೊಬ್ಬಿನಲ್ಲೇ ಇರಬಹುದು. "ವೊ ಚಿ ಸು" ಅನ್ನಿ. ನಾನು ಸಸ್ಯಾಹಾರಿ ಅಂತ. ಬೌದ್ಧ ದೇವಸ್ಥಾನದಲ್ಲಿ ತಿನ್ನುವಂಥ ಊಟ ಅಂತ ಅವರಿಗೆ ಹೊಳೆಯುತ್ತದೆ. ಅದರ ಜೊತೆ ಮೊಟ್ಟೆ, ಮೀನು, ಎಲುಬಿನ ಸಾರು, ಪ್ರಾಣಿ ಕೊಬ್ಬು ಬೇಡ ಅಂತ ಒಂದೊಂದೇ ಬರೆದ ಚೀಟಿ ಫೋನಿನಲ್ಲಿ ಇಟ್ಟುಕೊಳ್ಳಿ.

ಶಿಯಾನ್‌ನಲ್ಲಿ ನಿಮ್ಮನ್ನು ಕಾಪಾಡುವುದು ಲಿಯಾಂಗ್‌ಪಿ. ಅಕ್ಕಿ ಅಥವಾ ಗೋಧಿ ಹಿಟ್ಟಿನ ತಣ್ಣನೆಯ ಪಟ್ಟಿಗಳು, ಸೌತೆಕಾಯಿ, ಮೊಳಕೆಕಾಳು, ವಿನಿಗರ್, ಮೆಣಸಿನ ಎಣ್ಣೆ. ಮಾಂಸದ ಗೊಡವೆಯೇ ಇಲ್ಲ. ಇನ್ನೊಂದು ಬಿಯಾಂಗ್‌ಬಿಯಾಂಗ್ ನೂಡಲ್ಸ್, ಅದನ್ನು ಮಾಂಸ ಹಾಕದೆ ಮಾಡಿಸಿಕೊಳ್ಳಬಹುದು.

ಗೊಜ್ಜವಲಕ್ಕಿ:

ಬಿಯಾಂಗ್‌ಬಿಯಾಂಗ್ ರಾತ್ರಿ ತಿಂದೆವು! ಸೊಂಟದ ಬೆಲ್ಟಿನಷ್ಟು ಅಗಲ, ಒಂದೊಂದು ಪಟ್ಟಿ ಮೊಳ ಉದ್ದ. ಮೇಲೆ ಮೆಣಸಿನ ಪುಡಿ, ಬೆಳ್ಳುಳ್ಳಿ ಗುಡ್ಡೆ ಹಾಕಿ, ಹೊಗೆಯಾಡುವ ಎಣ್ಣೆ ಸುರಿದರು. ಚೊಂಯ್ ಅಂತು ನೋಡಿ, ನಾಲ್ವರೂ ಒಟ್ಟಿಗೆ ತಲೆ ಎತ್ತಿದೆವು. ಅಮ್ಮ ಒಗ್ಗರಣೆ ಹಾಕಿದ ಸದ್ದು. ಆ ಹೆಸರು ಬರೆಯುವ ಅಕ್ಷರಕ್ಕೆ 50ಕ್ಕೂ ಜಾಸ್ತಿ ಗೆರೆ. ಅಂಗಡಿ ಬೋರ್ಡು ನೋಡಿ ಬರೆಯಲು ಪ್ರಯತ್ನಿಸಿ ಅರ್ಧಕ್ಕೇ ಬಿಟ್ಟೆ.

ಆ ಬೀದಿಯಲ್ಲಿ ಪರ್ಸಿಮನ್ ಹಣ್ಣಿನ ಬಿಲ್ಲೆಗಳೂ ಇದ್ದವು. ಎಣ್ಣೆಯಲ್ಲಿ ಕರಿದು ಕೊಡುತ್ತಾರೆ, ನಮ್ಮ ಸುಕ್ಕಿನುಂಡೆಯ ದೂರದ ನೆಂಟ.

ಶೆನ್‌ಜೆನ್ ಕನ್ನಡಿಗ:

ಅನ್ನಸಾರು ಅವರೇ, ಆ ಬಿಲ್ಲೆಯ ಹೂರಣಕ್ಕೆ ಕೆಲವರು ಪ್ರಾಣಿ ಕೊಬ್ಬು ಸೇರಿಸುತ್ತಾರೆ, ಕೇಳಿ ತಿನ್ನಿ. ಅದಕ್ಕಿಂತ ಜೆಂಗ್‌ಗಾವ್ ವಾಸಿ. ಅಂಟಕ್ಕಿ, ಕೆಂಪು ಖರ್ಜೂರದಂಥ ಹಣ್ಣು, ಕಾಳು, ಎಲ್ಲ ಪದರ ಪದರವಾಗಿ ಆವಿಯಲ್ಲಿ ಬೇಯಿಸಿದ್ದು. ಆ ಬೀದಿ ಹುಯಿ ಮುಸ್ಲಿಮರದ್ದು, ಹಂದಿ ಇರುವುದಿಲ್ಲ. ಕುರಿ, ದನ ಮಾತ್ರ ಎಲ್ಲೆಲ್ಲೂ ಇರುತ್ತದೆ.

ನಿಧಾನವಾದಿ:

ಬರಹ ಚೆನ್ನಾಗಿದೆ, ಆದರೆ ಬೇಜಾರು ಮಾಡಿಕೊಳ್ಳಬೇಡಿ. ಇದು ಪ್ರವಾಸವೋ, ಹಾಜರಿ ಹಾಕಿ ಬರೋದೋ? ನಾವು ಅದೇ ಊರಿನಲ್ಲಿ ನಾಲ್ಕು ದಿನ ಇದ್ದೆವು. ಬೇಯ್‌ಲಿನ್ ಮ್ಯೂಸಿಯಂ ಒಂದಕ್ಕೇ ಅರ್ಧ ದಿನ ಹೋಯಿತು. 1087ರಿಂದ ಕೂಡಿಟ್ಟ ಕಲ್ಲಿನ ಶಾಸನಗಳು, ಕಾಡಿನ ಥರ ನಿಂತಿವೆ. 781ರ ಒಂದು ಕಲ್ಲಿದೆ. ಚೀನಾಕ್ಕೆ ಕ್ರೈಸ್ತರು ಬಂದ ವಿಷಯ ಅದರಲ್ಲಿ ಕೆತ್ತಿದ್ದಾರೆ, ಚೀನೀ ಅಕ್ಷರದ ಜೊತೆ ಸಿರಿಯಾಕ್ ಲಿಪಿಯೂ ಇದೆ. ನೀವು ಅದರ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಹೋದಿರಿ. ಕೋಟೆಯ ದಕ್ಷಿಣ ಬಾಗಿಲಿನಿಂದ ನಡೆದು ಹೋಗುವಷ್ಟು ಹತ್ತಿರ.

ಗೊಜ್ಜವಲಕ್ಕಿ:

ಬೇಜಾರೇನಿಲ್ಲ ಮಾರಾಯ್ರೇ. ಆದರೆ ನಾಲ್ಕು ಜನಕ್ಕೆ ಒಟ್ಟಿಗೆ ರಜೆ ಸಿಕ್ಕಿದ್ದು ಒಂಬತ್ತು ದಿನ, ಅದೂ ಎರಡು ವರ್ಷ ಕಾದ ಮೇಲೆ. ಒಬ್ಬನಿಗೆ ಮಗು, ಒಬ್ಬನಿಗೆ ಮ್ಯಾನೇಜರ್. ನಿಧಾನವಾಗಿ ನೋಡೋಣ ಅಂತ ಕೂತಿದ್ದರೆ ಇನ್ನೂ ಜಯನಗರದಲ್ಲೇ ಕೂತಿರುತ್ತಿದ್ದೆವು.

ಒಂದು ಒಪ್ಪುತ್ತೇನೆ. ದೊಡ್ಡ ಮಸೀದಿ ತಪ್ಪಿತು. 742ರಲ್ಲಿ ಶುರುವಾಯಿತು ಅಂತ ಅಲ್ಲಿಯವರು ಹೇಳುತ್ತಾರೆ. ಪಗೋಡದಂತೆ ಕಾಣುವ ಮಿನಾರು, ಒಂದರ ಹಿಂದೆ ಒಂದು ಅಂಗಳ, ಪೂರ್ತಿ ಚೀನೀ ಶೈಲಿಯ ಮಸೀದಿ. ನಾವು ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ಗೋಡೆ ಪಕ್ಕ ನಿಂತು ನೂಡಲ್ಸ್ ತಿಂದು ಬಂದೆವು. ಅದು ಈಗಲೂ ಚುಚ್ಚುತ್ತದೆ.

ನಿಧಾನವಾದಿ:

ಅದನ್ನೇ ನಾನು ಹೇಳಿದ್ದು. ಮತ್ತೆ ನೋಡಿ, ನಿಮ್ಮ ಬರಹದಲ್ಲಿ ಜೀವ ಇರುವುದು ಅಂಗಾಲಿನ ಹತ್ತಿರ ನಿಂತ ಹತ್ತು ನಿಮಿಷ ಮತ್ತು ಚೈನ್ ಕಳಚಿ ನಿಂತ ಹೊತ್ತು. ಎರಡೂ ನಿಂತಾಗಲೇ.

ಗೊಜ್ಜವಲಕ್ಕಿ:

ಚೈನ್ ಕಳಚಬೇಕಾದರೆ ಮೊದಲು ತುಳಿಯಬೇಕಲ್ಲ ಗುರುವೇ.

ಬಾದಾಮಿಯವ:

ನಿಮ್ಮ ಜಗಳ ಆಮೇಲೆ ಆಗಲಿ. ಹ್ಯೂಯೆನ್ ತ್ಸಾಂಗ್ ಮೂರ್ತಿಯ ಮುಂದೆ ನಿಂತು ಬರೀ ಅರ್ಧ ಮಾರ್ಕಿನ ಮಾತಾಡಿ ಬಂದಿರಾ? ಅವನು ನಮ್ಮ ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆದವನು ಸ್ವಾಮಿ!

ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿಯ ಶಾಸನ ಇದೆಯಲ್ಲ, 634ರದ್ದು. ಪುಲಿಕೇಶಿಯ ಭಯಕ್ಕೆ ಹರ್ಷನ ಹರ್ಷವೇ ಇಳಿದುಹೋಯಿತು ಅಂತ ಅದರಲ್ಲಿದೆ. ಅದು ಆಸ್ಥಾನದ ಕವಿ ಬರೆದದ್ದು, ತನ್ನ ರಾಜನನ್ನು ಹೊಗಳದೆ ಏನು ಮಾಡುತ್ತಾನೆ ಅಂತ ಯಾರಾದರೂ ಅನ್ನಬಹುದು. ಆದರೆ ಕೆಲವೇ ವರ್ಷಗಳ ನಂತರ, 641ರ ಹೊತ್ತಿಗೆ, ದಖ್ಖನ್‌ಗೆ ಬಂದ ಈ ಚೀನೀ ಯಾತ್ರಿಕನೂ ಅದನ್ನೇ ಬರೆದ. ಹರ್ಷ ಸುತ್ತಲಿನವರನ್ನೆಲ್ಲ ಗೆದ್ದರೂ ಈ ದೇಶದವರನ್ನು ಬಗ್ಗಿಸಲು ಆಗಲಿಲ್ಲ ಅಂತ. ಅದೂ ಯಾರು? ಹರ್ಷನಿಂದ ಸತ್ಕಾರ ಮಾಡಿಸಿಕೊಂಡವನು. ಪುಲಿಕೇಶಿಯನ್ನು ಹೊಗಳುವ ದರ್ದು ಅವನಿಗಿರಲಿಲ್ಲ.

ಇಲ್ಲಿನ ಜನರ ಬಗ್ಗೆಯೂ ಬರೆದಿದ್ದಾನೆ. ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ. ಯುದ್ಧಕ್ಕೆ ಮೊದಲು ಸೈನಿಕರೂ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಸೋತ ಸೇನಾಪತಿಗೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡುತ್ತಾರೆ.

ಅನ್ನಸಾರು:

ಅಂದರೆ ಅವನು ಬಾದಾಮಿಗೆ ಬಂದಿದ್ದನಾ?

ಬಾದಾಮಿಯವ:

ನನ್ನ ಹೆಸರು ನೋಡಿ ಹೌದು ಅನ್ನಬೇಕು ಅನ್ನಿಸುತ್ತದೆ! ಆದರೆ ಅವನು ರಾಜಧಾನಿಯ ಹೆಸರು ಬರೆದಿಲ್ಲ. ದೇಶವನ್ನು ಮಹಾರಾಷ್ಟ್ರ ಅಂತ ಕರೆದಿದ್ದಾನೆ. ಯಾವ ಊರು ಅನ್ನುವುದರಲ್ಲಿ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಅದಾಗಿ ಒಂದೆರಡು ವರ್ಷಕ್ಕೇ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಪುಲಿಕೇಶಿಯ ಕೊನೆಗಾಲವನ್ನು ಹೊರಗಿನ ಕಣ್ಣಿಂದ ನೋಡಿದವನು ಇವನು. 645ರಲ್ಲಿ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಅದೇ ಶಿಯಾನ್‌ಗೆ, ಆಗಿನ ಚಾಂಗಾನ್‌ಗೆ, ವಾಪಸ್ ಹೋದ.

ಗೊಜ್ಜವಲಕ್ಕಿ:

ಛೆ! ಇದು ಮೊದಲೇ ಗೊತ್ತಿದ್ದರೆ ಅಲ್ಲಿ ಇನ್ನೊಂದು ಗಂಟೆ ಕೂರುತ್ತಿದ್ದೆ. ಹುಬ್ಬಳ್ಳಿ ಹುಡುಗನಿಗೆ ನಿಮ್ಮ ಉತ್ತರ ಕಳಿಸಿದೆ. "ಹಾಗಾದರೆ ಅರ್ಧ ಮಾರ್ಕು ಕ್ಷಮಿಸಿದ್ದೇನೆ" ಅಂತ ಉತ್ತರ ಬಂತು.

ರಿಟೈರ್ಡ್ ಮೇಷ್ಟ್ರು:

ನಮಸ್ಕಾರ. ನನಗೆ 66, ನನ್ನ ಹೆಂಡತಿಗೆ 61. ಮಗ ಸಿಂಗಾಪುರದಲ್ಲಿದ್ದಾನೆ, ಏಪ್ರಿಲ್‌ನಲ್ಲಿ ಅಲ್ಲಿಂದ ಶಿಯಾನ್‌ಗೆ ಹೋಗುವ ಯೋಚನೆ ಇದೆ. ಅವಳಿಗೆ ಮಂಡಿ ನೋವು. ಆ ಗೋಪುರ ಹತ್ತಬಹುದೇ? ದುಡ್ಡು ಕೊಡುವ ಪದ್ಧತಿಯನ್ನೂ ಸ್ವಲ್ಪ ತಿಳಿಸಿ.

ಗೊಜ್ಜವಲಕ್ಕಿ:

ಮೇಷ್ಟ್ರೇ, ಅಮ್ಮನವರು ಗೋಪುರ ಹತ್ತುವುದು ಬೇಡ. ಏಳು ಅಂತಸ್ತು, ಕಡಿದಾದ ಮರದ ಮೆಟ್ಟಿಲು, ಲಿಫ್ಟ್ ಇಲ್ಲ. ಕೆಳಗಿನ ದೇವಸ್ಥಾನದ ಅಂಗಳವೇ ಚೆನ್ನಾಗಿದೆ. ಕೋಟೆಯ ಮೇಲೆ ಬ್ಯಾಟರಿ ಗಾಡಿ ಓಡುತ್ತದೆ, ಸೈಕಲ್ ಹಂಗಿಲ್ಲ. ಮಣ್ಣಿನ ಸೈನಿಕರ ಹತ್ತಿರವೂ ಗೇಟಿನಿಂದ ಒಳಗೆ ಬ್ಯಾಟರಿ ಗಾಡಿ ಇದೆ, ದುಡ್ಡು ಕೊಟ್ಟು ಹತ್ತಿ, ಕಾಲು ಉಳಿಸಿಕೊಳ್ಳಿ.

ದುಡ್ಡು ಎಲ್ಲ ಫೋನಿನಲ್ಲೇ. ಅಲಿಪೇ ಅನ್ನುವ ಅಲ್ಲಿನ ಪೇಮೆಂಟ್ ಆ್ಯಪ್ ಹಾಕಿಕೊಂಡು ಇಲ್ಲಿಂದಲೇ ಕಾರ್ಡು ಸೇರಿಸಿ, ಪಾಸ್‌ಪೋರ್ಟ್ ಪರಿಶೀಲನೆಯೂ ಮನೆಯಲ್ಲೇ ಮುಗಿಸಿ. ಒಂದು ಸಲಕ್ಕೆ 200 ಯುವಾನ್ ದಾಟಿದರೆ ಶುಲ್ಕ ಹಿಡಿಯುತ್ತಾರೆ. ನನ್ನ ಕಾರ್ಡನ್ನು ಬ್ಯಾಂಕಿನವರು ಸೈಕಲ್ ಕೌಂಟರಿನಲ್ಲೇ ತಡೆದುಬಿಟ್ಟರು. ಹಿಂದೆ ಸಾಲು, ಮುಂದೆ ಆಕೆ "ಮತ್ತೊಮ್ಮೆ" ಅಂತ ಕೈ ಮಾಡುತ್ತಿದ್ದಾಳೆ. ಹಾಗಾಗಿ ಎರಡು ಕಾರ್ಡು ಸೇರಿಸಿ, ಸ್ವಲ್ಪ ನೋಟೂ ಜೇಬಲ್ಲಿರಲಿ.

ಶೆನ್‌ಜೆನ್ ಕನ್ನಡಿಗ:

ಸಿಮ್ ವಿಷಯ ಯಾರೂ ಹೇಳಲಿಲ್ಲ. ಇಲ್ಲಿನ ವೈಫೈನಲ್ಲಿ ವಾಟ್ಸಾಪ್, ಗೂಗಲ್ ಬರುವುದಿಲ್ಲ. ನಿಮ್ಮ ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡರೆ ಬರುತ್ತದೆ, ಬ್ಯಾಂಕಿನ ಓಟಿಪಿಯೂ ಬರುತ್ತದೆ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ರಜೆ ಮತ್ತು ಮೇ 1ರ ರಜೆ ಎರಡನ್ನೂ ತಪ್ಪಿಸಿ. ಅಕ್ಟೋಬರ್ 1ರಿಂದ ಒಂದು ವಾರವಂತೂ ಆ ಕಡೆ ತಲೆ ಹಾಕಿ ಮಲಗಲೂ ಬೇಡಿ.

ಇನ್ನೊಂದು. ರೈಲ್ವೆ ಸ್ಟೇಷನ್ ಹತ್ತಿರ "ಮಣ್ಣಿನ ಸೈನಿಕರು, ಅಗ್ಗದಲ್ಲಿ" ಅಂತ ಯಾರು ಕರೆದರೂ ಹೋಗಬೇಡಿ. ನಕಲಿ ಗೊಂಬೆಗಳ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ.

ರಿಟೈರ್ಡ್ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಹೋಗಿ ಬಂದು ಹತ್ತು ದಿನವಾಯಿತು. ಮೂರು ದಿನ ಇದ್ದೆವು, ಹಾಗಾಗಿ ನಿಧಾನವಾದಿಗಳೂ ಸಮಾಧಾನ ಪಡಬಹುದು.

ಅಂಗಾಲು ನೋಡಿದೆವು. ನನ್ನ ಹೆಂಡತಿ ಹೊಲಿಗೆ ಗೊತ್ತಿದ್ದವಳು, ಗಾಜಿಗೆ ಮೂಗು ತಾಗಿಸಿ ನೋಡಿ "ಇದನ್ನು ಮಾಡಿದವನ ಮನೆಯಲ್ಲಿ ಯಾರೋ ಶೂ ಹೊಲಿಯುತ್ತಿದ್ದರು" ಅಂದಳು. ಹ್ಯೂಯೆನ್ ತ್ಸಾಂಗ್ ಮುಂದೆ ನಿಂತು ನಾನು ಬಾದಾಮಿಯವರ ಪಾಠವನ್ನು ಜೋರಾಗಿ ಒಪ್ಪಿಸಿದೆ. ಮೂವತ್ತು ವರ್ಷ ಸಮಾಜ ಪಾಠ ಮಾಡಿದ ಚಟ. ನಾಲ್ಕು ಚೀನೀ ಮಕ್ಕಳು ಸುತ್ತ ನಿಂತು ಕೇಳಿದರು, ಕನ್ನಡದಲ್ಲೇ.

ದೊಡ್ಡ ಮಸೀದಿಗೆ ಬೆಳಿಗ್ಗೆಯೇ ಹೋದೆವು. ಹೊರಗೆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ, ಒಳಗೆ ಅಂಗಳದಲ್ಲಿ ಹಕ್ಕಿ ಸದ್ದು ಬಿಟ್ಟರೆ ಬೇರೇನಿಲ್ಲ. ಗೊಜ್ಜವಲಕ್ಕಿಯವರೇ, ನಿಮ್ಮ ಪರವಾಗಿಯೂ ಒಂದು ಸುತ್ತು ಹಾಕಿದೆ.

ನಾವು ಮಾಂಸ ತಿನ್ನುವವರು, ಹಾಗಾಗಿ ಯಾಂಗ್‌ರೌ ಪಾವ್‌ಮೊ ತಿಂದೆವು. ಕುರಿ ಸಾರಿನಲ್ಲಿ ರೊಟ್ಟಿ. ಸಾರು ಮೊದಲು ಬರುವುದಿಲ್ಲ. ಖಾಲಿ ಬಟ್ಟಲು, ಗಟ್ಟಿ ರೊಟ್ಟಿ ಕೊಟ್ಟು ಹೋಗುತ್ತಾರೆ. ರೊಟ್ಟಿಯನ್ನು ನಾವೇ ಹುರಿಗಡಲೆ ಗಾತ್ರಕ್ಕೆ ಚಿವುಟಬೇಕು. ಆಮೇಲೆ ಬಟ್ಟಲಿಗೆ ನಂಬರ್ ಸಿಕ್ಕಿಸಿ ಒಳಗೆ ಒಯ್ದು, ಸಾರಿನಲ್ಲಿ ಕುದಿಸಿ ತರುತ್ತಾರೆ. ಹೆಂಡತಿಯ ಬಟ್ಟಲು ಮೊದಲ ಸಲವೇ ಒಳಗೆ ಹೋಯಿತು. ನನ್ನದನ್ನು ಆ ಹುಡುಗ ನೋಡಿ, ತಲೆ ಆಡಿಸಿ, ಎರಡು ಸಲ ವಾಪಸ್ ಇಟ್ಟ. ಮೂವತ್ತು ವರ್ಷ ಮಕ್ಕಳ ಪೇಪರ್ ತಿದ್ದಿದವನು ನಾನು.